ಎರಡು ಗೀಟು: ನಮಗೆ ಗೋಡೆ, ಅವರಿಗೆ ಬಾಗಿಲು

ಚೆಕ್ಕಿನ ಎಡಗಡೆ ಮೂಲೆಯಲ್ಲಿ ಎರಡು ಓರೆ ಗೀಟು ಎಳೆದಿರುತ್ತಾರೆ. ಗೀಟಿನ ನಡುವೆ 'ಅಕೌಂಟ್ ಪೇಯಿ' ಎಂದು ಬರೆದರೆ ಮುಗಿಯಿತು. ಚೆಕ್ಕಿನ ಮೇಲೆ ಯಾರ ಹೆಸರಿದೆಯೋ ಅವರ ಖಾತೆಗೇ ಹಣ ಹೋಗಬೇಕು. ಅವರ ಅಣ್ಣನ ಖಾತೆಗೂ ಹೋಗುವಂತಿಲ್ಲ. ಸ್ಕಾಲರ್‌ಶಿಪ್ಪು ಚೆಕ್ಕಿನಲ್ಲಿ ಬರುತ್ತಿದ್ದ ಕಾಲದ ಹಾಸ್ಟೆಲ್ ಹುಡುಗರನ್ನು ಕೇಳಿ ನೋಡಿ, ಈ ಗೀಟಿನ ಮಹಿಮೆ ಹೇಳ್ತಾರೆ. ಹೆಸರಿನಲ್ಲಿ ಒಂದಕ್ಷರ ಹೆಚ್ಚುಕಮ್ಮಿ ಆದರೆ ಚೆಕ್ಕು ವಾಪಸ್. ಇನಿಷಿಯಲ್ ಹಿಂದುಮುಂದಾದರೆ ವಾಪಸ್. ರುಜು ಸೊಟ್ಟಗಾದರೆ ವಾಪಸ್. ತಾನು ತಾನೇ ಅಂತ ರುಜುವಾತು ಮಾಡೋಕೆ ನೋಟರಿಗೆ ದುಡ್ಡು ಕೊಟ್ಟು ಅಫಿಡವಿಟ್ಟು ಮಾಡಿಸಿ ತರಬೇಕಿತ್ತು. ಈಗ ಹಣ ನೇರ ಖಾತೆಗೆ ಬರುತ್ತೆ. ಆದರೂ ಆಧಾರಿನ ಹೆಸರಿಗೂ ಮಾರ್ಕ್ಸ್‌ಕಾರ್ಡಿನ ಹೆಸರಿಗೂ ತಾಳೆ ಆಗದೆ ಅದೇ ಅಲೆದಾಟ.

ಇರಲಿ, ಅದು ಕಾನೂನು ಅಂತಲೇ ಒಪ್ಪೋಣ. ಬ್ಯಾಂಕು ಊರವರ ಹಣ ಕಾಯುವ ಜಾಗ. ಅಲ್ಲಿ ಕಟ್ಟುನಿಟ್ಟು ಇರಲೇಬೇಕು.

ಈಗ ಇನ್ನೊಂದು ಥರದ ಚೆಕ್ಕಿನ ಕತೆ ಕೇಳಿ. ನ್ಯಾಷನಲ್ ಹೌಸಿಂಗ್ ಬ್ಯಾಂಕ್ ಎಂದು ಒಂದು ಸಂಸ್ಥೆ. ಜನರಿಗೆ ಮನೆ ಕಟ್ಟಿಕೊಳ್ಳಲು ಸಾಲ ಸಿಗುವಂತಾಗಲಿ ಅಂತ 1988ರಲ್ಲಿ ಹುಟ್ಟಿದ್ದು. ಆಗ ರಿಸರ್ವ್ ಬ್ಯಾಂಕಿನದೇ ಒಡೆತನ. ಈ ಸಂಸ್ಥೆ ಎಎನ್‌ಝಡ್ ಗ್ರಿಂಡ್ಲೇಸ್ ಎಂಬ ವಿದೇಶಿ ಬ್ಯಾಂಕಿನ ಹೆಸರಿಗೆ ಚೆಕ್ಕುಗಳನ್ನು ಬರೆಯಿತು. ಒಟ್ಟು 506 ಕೋಟಿ ರೂಪಾಯಿ. ಚೆಕ್ಕಿನ ಮೇಲಿದ್ದದ್ದು ಬ್ಯಾಂಕಿನ ಹೆಸರು. ಹಣ ಹೋಗಿ ಬಿದ್ದದ್ದು ಬೊಂಬಾಯಿಯ ಷೇರು ದಲ್ಲಾಳಿ ಹರ್ಷದ್ ಮೆಹ್ತಾನ ಖಾತೆಗೆ! ಅಫಿಡವಿಟ್ಟು ಬೇಡ, ಗುರುತಿನ ಚೀಟಿ ಬೇಡ. 1992ರಲ್ಲಿ ಇದು ಹೊರಬಿದ್ದಾಗ ಕೇಳಿಬಂದ ಸಮರ್ಥನೆ ಏನು ಗೊತ್ತಾ? 'ಪೇಟೆಯಲ್ಲಿ ಇದೇ ವಾಡಿಕೆ.' ಎರಡು ಬ್ಯಾಂಕುಗಳ ನಡುವೆ ಈ ಹಣಕ್ಕಾಗಿ ಹತ್ತು ವರ್ಷ ವ್ಯಾಜ್ಯ ನಡೆದು 2002ರಲ್ಲಿ ರಾಜಿಯಾಯಿತು.

ನಮಗೆ ಕಾನೂನು, ಅವರಿಗೆ ವಾಡಿಕೆ. ಈ ಲೇಖನದಲ್ಲಿ ನಾನು ಹೇಳಬೇಕೆಂದಿರುವುದು ಇಷ್ಟೇ. ಉಳಿದದ್ದೆಲ್ಲ ಅದರ ಲೆಕ್ಕ.

ಲೆಕ್ಕ ಬಿಡಿಸಿ ಹೇಳಲು ಕಾರಣವಿದೆ. ಈ ಹರ್ಷದ್ ಮೆಹ್ತಾ ನಮ್ಮ ಎಷ್ಟೋ ಗೆಳೆಯರಿಗೆ ಇವತ್ತು ಹೀರೋ. 2020ರಲ್ಲಿ 'ಸ್ಕ್ಯಾಮ್ 1992' ಎಂಬ ವೆಬ್ ಸರಣಿ ಬಂದ ಮೇಲಂತೂ ಹಾಸ್ಟೆಲ್ ರೂಮುಗಳಲ್ಲಿ ಅವನದೇ ಮಾತು, ಫೋನುಗಳಲ್ಲಿ ಅವನದೇ ಡೈಲಾಗು. 'ವಿಮಾ ಕಂಪನಿಯಲ್ಲಿ ಸಣ್ಣ ಕೆಲಸಕ್ಕಿದ್ದವನು ಕಣೋ, ವರ್ಲಿಯ ಕಡಲ ದಂಡೆಯಲ್ಲಿ ಅರಮನೆ ಕಟ್ಟಿದ, ಲೆಕ್ಸಸ್ ಕಾರು ತಂದ, ದೊಡ್ಡ ಕುಳಗಳಿಗೇ ನೀರು ಕುಡಿಸಿದ' ಅಂತಾರೆ. ಬಡವನೊಬ್ಬ ವ್ಯವಸ್ಥೆಯ ಕೆನ್ನೆಗೆ ಬಾರಿಸಿದ ಅನ್ನೋ ಹಾಗೆ ಹೇಳ್ತಾರೆ. ಕೇಳಿಸಿಕೊಳ್ಳುವವನ ಎದೆಯೂ ಉಬ್ಬುತ್ತೆ.

ಇದು ಸುಳ್ಳು. ವ್ಯವಸ್ಥೆಗೆ ಹೊಡೆಯುವವನಿಗೆ ಬ್ಯಾಂಕು ಹಿಂಬಾಗಿಲು ತೆರೆದುಕೊಂಡು ಕಾಯೋದಿಲ್ಲ. ಇವನಿಗೆ ತೆರೆದಿತ್ತು. ಹೇಗೆ ಅಂತ ನೋಡೋಣ. ಕಷ್ಟವೇನಿಲ್ಲ. ಇಂಗ್ಲಿಷ್ ಪತ್ರಿಕೆಗಳು ಬರೆದಾಗ ಬ್ರಹ್ಮವಿದ್ಯೆ ಥರ ಕಾಣುತ್ತೆ. ನಮ್ಮ ಮಾತಿಗೆ ಇಳಿಸಿದರೆ ಗಿರವಿ ಅಂಗಡಿಯ ವ್ಯವಹಾರ.

ನಮ್ಮೂರಲ್ಲಿ ಅವ್ವಂದಿರು ಏನು ಮಾಡ್ತಾರೆ? ಮಕ್ಕಳ ಫೀಜು ಕಟ್ಟೋಕೆ ಕಿವಿಯ ಓಲೆ ಗಿರವಿ ಇಡ್ತಾರೆ. ಕೂಲಿ ಹಣ ಬಂದಾಗ ಬಡ್ಡಿ ಸೇರಿಸಿ ಕೊಟ್ಟು ಬಿಡಿಸಿಕೊಳ್ತಾರೆ. ಬ್ಯಾಂಕುಗಳೂ ತಮ್ಮತಮ್ಮೊಳಗೆ ಇದನ್ನೇ ಮಾಡ್ತಿದ್ದವು. ಬ್ಯಾಂಕಿಗೆ ಬಂದ ಠೇವಣಿಯಲ್ಲಿ ಒಂದು ಪಾಲನ್ನು ಸರ್ಕಾರಿ ಸಾಲಪತ್ರ ಮೊದಲಾದ ಭದ್ರ ಜಾಗದಲ್ಲಿ ಇಟ್ಟಿರಬೇಕು ಎಂಬುದು ಕಾನೂನು. ಆ ಕಾಲಕ್ಕೆ ಈ ಪಾಲು ನೂರಕ್ಕೆ 38.5ರವರೆಗೂ ಇತ್ತು. ಈ ಸಾಲಪತ್ರಗಳೇ ಬ್ಯಾಂಕಿನ ಓಲೆ. ಕೈಯಲ್ಲಿ ನಗದು ಸಾಲದ ಬ್ಯಾಂಕು ತನ್ನ ಸಾಲಪತ್ರವನ್ನು ಇನ್ನೊಂದು ಬ್ಯಾಂಕಿಗೆ 'ಮಾರುತ್ತೆ'. ಹದಿನೈದು ದಿನ ಬಿಟ್ಟು ಸ್ವಲ್ಪ ಹೆಚ್ಚು ಬೆಲೆಗೆ ವಾಪಸ್ 'ಕೊಳ್ಳುತ್ತೆ'. ಹೆಸರಿಗೆ ಮಾರಾಟ, ನಿಜದಲ್ಲಿ ಸಾಲ. ಇದಕ್ಕೆ 'ರೆಡಿ ಫಾರ್ವರ್ಡ್' ಅಂತ ಹೆಸರು.

ಸಾಲಪತ್ರ ಯಾರ ಹೆಸರಿನಲ್ಲಿದೆ ಎಂಬ ಲೆಕ್ಕ ಇದ್ದದ್ದು ರಿಸರ್ವ್ ಬ್ಯಾಂಕಿನ ಕಚೇರಿಯಲ್ಲಿ. ಅದನ್ನು ಕೈಯಲ್ಲಿ ಬರೆದು ಇಡುತ್ತಿದ್ದರು. ಇವತ್ತು ಮಾರಿದ್ದು ಪುಸ್ತಕಕ್ಕೆ ಏರಲು ದಿನಗಟ್ಟಲೆ ಹಿಡಿಯುತ್ತಿತ್ತು. ಅಲ್ಲೀತನಕ ಮಾರಿದ ಬ್ಯಾಂಕು ಕೊಂಡ ಬ್ಯಾಂಕಿಗೆ ಒಂದು ಚೀಟಿ ಬರೆದು ಕೊಡುತ್ತಿತ್ತು. 'ನಿಮ್ಮ ಹಣ ಬಂದಿದೆ, ಸಾಲಪತ್ರ ಆಮೇಲೆ ಕೊಡ್ತೀವಿ' ಅಂತ. ಇದೇ ಬ್ಯಾಂಕ್ ರಸೀದಿ, ಬಿ.ಆರ್. ಅಂದರೆ ಓಲೆಯ ಬದಲಿಗೆ ಓಲೆಯ ಚೀಟಿ.

ಈ ಎರಡು ಬ್ಯಾಂಕುಗಳ ನಡುವೆ ದಲ್ಲಾಳಿ ಬಂದು ಕೂತ. ಮೊದಮೊದಲು ಅವನ ಕೆಲಸ 'ಇವರ ಹತ್ರ ಪತ್ರ ಇದೆ, ಅವರ ಹತ್ರ ಹಣ ಇದೆ' ಅಂತ ಜೋಡಿ ಮಾಡಿ ಕಮಿಷನ್ನು ತಗೊಳ್ಳೋದು. ಬರಬರುತ್ತಾ ಬ್ಯಾಂಕುಗಳು ಒಂದರ ಮುಖ ಒಂದು ನೋಡೋದನ್ನೇ ಬಿಟ್ಟವು. ಚೆಕ್ಕು ದಲ್ಲಾಳಿಯ ಖಾತೆಗೆ ಬಂತು, ದಲ್ಲಾಳಿಯ ಖಾತೆಯಿಂದ ಹೋಯ್ತು. ನಡುವೆ ನಾಲ್ಕು ದಿನ ಅವನ ಹತ್ತಿರ ಉಳೀತು. ಒಂದು ವ್ಯವಹಾರದ ನಾಲ್ಕು ದಿನ ಮುಗಿಯೋ ಹೊತ್ತಿಗೆ ಇನ್ನೊಂದು ಚೆಕ್ಕು ಬಂದಿರುತ್ತೆ. ಹೀಗೆ ಒಂದರ ಬಾಲ ಇನ್ನೊಂದು ಹಿಡಿದುಕೊಂಡು ನೂರಾರು ಕೋಟಿ ಅವನ ಕೈಯಲ್ಲಿ ಕಾಯಂ ಆಗಿ ನಿಂತಿತು.

ಅದೂ ಸಾಲದಾಯ್ತು. ಆಗ ಓಲೆಯೇ ಇಲ್ಲದ ಗಿರವಿ ಚೀಟಿ ಹುಟ್ಟಿತು. ಬ್ಯಾಂಕ್ ಆಫ್ ಕರಾಡ್ ಅಂತ ಒಂದು ಸಣ್ಣ ಬ್ಯಾಂಕು, ಬೊಂಬಾಯಿಯ ಮೆಟ್ರೊಪಾಲಿಟನ್ ಕೋಆಪರೇಟಿವ್ ಬ್ಯಾಂಕ್ ಅಂತ ಇನ್ನೊಂದು. ಇವು ದಲ್ಲಾಳಿಗಳು ಕೇಳಿದಷ್ಟು ರಸೀದಿ ಬರೆದು ಕೊಟ್ಟವು. ಹಿಂದೆ ಸಾಲಪತ್ರವೇ ಇಲ್ಲ, ಬರೀ ಕಾಗದ. ಆ ಕಾಗದ ಹಿಡಿದುಕೊಂಡು ದೊಡ್ಡ ಬ್ಯಾಂಕುಗಳು ಕೋಟಿ ಕೋಟಿ ಎಣಿಸಿ ಕೊಟ್ಟವು. ಬಿ.ಆರ್.ಗಳನ್ನು ಹೀಗೆಲ್ಲ ಬಳಸಬೇಡಿ ಅಂತ ರಿಸರ್ವ್ ಬ್ಯಾಂಕು 1991ರ ಜುಲೈನಲ್ಲೇ ಸುತ್ತೋಲೆ ಕಳಿಸಿತ್ತು. ಸುತ್ತೋಲೆ ಫೈಲಿನಲ್ಲಿ ಮಲಗಿತು.

ಇದೆಲ್ಲ ಬೊಂಬಾಯಿಯ ಗಲೀಜು ಅಂತ ಬೆಂಗಳೂರಿನಲ್ಲಿ ಕೂತು ಮೂಗು ಮುಚ್ಚಿಕೊಳ್ಳಬೇಕಾಗಿಲ್ಲ. 1906ರಲ್ಲಿ ಮಂಗಳೂರಲ್ಲಿ ಹುಟ್ಟಿ, 1969ರಲ್ಲಿ ರಾಷ್ಟ್ರೀಕರಣಗೊಂಡು, ಬೆಂಗಳೂರಿನಲ್ಲಿ ಕೇಂದ್ರ ಕಚೇರಿ ಇಟ್ಟುಕೊಂಡಿರುವ ಕೆನರಾ ಬ್ಯಾಂಕಿನ ಅಂಗಸಂಸ್ಥೆ ಕ್ಯಾನ್‌ಫಿನಾದ ಹೆಸರೂ ವಿಚಾರಣೆಯ ವರದಿಗಳಲ್ಲಿ ಬಂತು. ಅದೇ ಬ್ಯಾಂಕಿನ ಮ್ಯೂಚುಯಲ್ ಫಂಡಿಗೆ 1992ರಲ್ಲಿ ಆದ ಮೋಸದ ಪ್ರಕರಣದಲ್ಲಿ ಕೇತನ್ ಪಾರೇಖ್ ಎಂಬ ದಲ್ಲಾಳಿಗೆ ಶಿಕ್ಷೆ ಎಂದು ತೀರ್ಪು ಬಂದದ್ದು ಎಷ್ಟೋ ವರ್ಷಗಳ ಮೇಲೆ. ಈ ಪಾರೇಖ್ ಹೆಸರು ನೆನಪಿಡಿ, ಮುಂದೆ ಮತ್ತೆ ಬರುತ್ತೆ.

ಈಗ ಆ ಹಣ ಏನಾಯ್ತು? ಷೇರುಪೇಟೆಗೆ ಹೋಯ್ತು. ಅಲ್ಲಿ ಏನಾಯ್ತು ಅನ್ನೋದನ್ನು ಕುರಿಸಂತೆಯಲ್ಲಿ ನಿಂತು ಅರ್ಥ ಮಾಡಿಕೊಳ್ಳೋಣ. ಸಂತೆಗೆ ಹತ್ತು ಟಗರು ಬಂದಿವೆ. ಒಬ್ಬ ಸಾಹುಕಾರ ಬಂದು ಮೊದಲನೆಯದಕ್ಕೆ ಹತ್ತು ಸಾವಿರ ಕೊಟ್ಟ. ಎರಡನೆಯದಕ್ಕೆ ಹನ್ನೆರಡು, ಮೂರನೆಯದಕ್ಕೆ ಹದಿನೈದು. ಟಗರು ಅದೇ ಟಗರು, ಹಿಡಿ ಮಾಂಸ ಹೆಚ್ಚಾಗಿಲ್ಲ. ಆದರೆ ಸುತ್ತ ನಿಂತವರ ತಲೆ ಕೆಟ್ಟಿತು. 'ನಾಳೆ ಇಪ್ಪತ್ತು ಆಗುತ್ತಂತೆ' ಅಂತ ಹೆಂಡತಿ ತಾಳಿ ಮಾರಿ ಕೊಳ್ಳೋಕೆ ಬಂದರು. ಸಾಹುಕಾರ ಆಗ ಮೆಲ್ಲಗೆ ತನ್ನ ಮೂರು ಟಗರನ್ನೂ ಅವರಿಗೇ ಮಾರಿ ಹೊರಟ. ಮರುದಿನ ಸಂತೆಯಲ್ಲಿ ಟಗರಿನ ಬೆಲೆ ಎಂಟು ಸಾವಿರ. ಸಾಹುಕಾರ ಎಣಿಸಿ ಕೊಟ್ಟ ಹಣವಾದರೂ ಯಾರದು? ಸುತ್ತ ನಿಂತವರೇ ಬ್ಯಾಂಕಿನಲ್ಲಿ ಇಟ್ಟಿದ್ದ ಹಣ. ಯಾರದೋ ದುಡ್ಡು, ಎಲ್ಲಮ್ಮನ ಜಾತ್ರೆ.

ಎಸಿಸಿ ಸಿಮೆಂಟ್ ಕಂಪನಿಯ ಷೇರು ಹೀಗೇ ಏರಿತು. ಸುಮಾರು 200 ರೂಪಾಯಿಗೆ ಸಿಗುತ್ತಿದ್ದದ್ದು 9,000ದ ಹತ್ತಿರ ಹೋಯ್ತು. ಸಿಮೆಂಟಿನ ಚೀಲ ಹೆಚ್ಚಾಗಲಿಲ್ಲ. ಇಂಥ ಕಂಪನಿ ಹೊಸದಾಗಿ ಕಟ್ಟೋಕೆ ಎಷ್ಟು ಖರ್ಚಾಗುತ್ತೋ ಅಷ್ಟು ಬೆಲೆ ಈ ಷೇರಿಗೆ ಇರಬೇಕು ಅಂತ ಮೆಹ್ತಾ ಒಂದು ಸಿದ್ಧಾಂತ ಹೇಳಿದ. ಪತ್ರಿಕೆಗಳು ತಲೆದೂಗಿದವು. ಅವನನ್ನು 'ಬಿಗ್ ಬುಲ್' ಅಂದವು, ದೊಡ್ಡ ಗೂಳಿ. ಬೊಂಬಾಯಿ ಷೇರುಪೇಟೆಯ ಸೂಚ್ಯಂಕ 1992ರ ಜನವರಿ ನಡುವೆ 2,000 ದಾಟಿದ್ದು ಮಾರ್ಚ್ ಕೊನೆಗೆ 4,000 ದಾಟಿತು. ಎರಡೂವರೆ ತಿಂಗಳಲ್ಲಿ ದೇಶದ ಕಾರ್ಖಾನೆಗಳೆಲ್ಲ ಎರಡು ಪಟ್ಟು ದುಡಿದವೇ? ಕೂಲಿಕಾರನ ಕೂಲಿ ಎರಡು ಪಟ್ಟು ಆಯಿತೇ? ಯಾರೂ ಕೇಳಲಿಲ್ಲ. ಹಣಕಾಸು ಮಂತ್ರಿಯ ಉದಾರೀಕರಣಕ್ಕೆ ಪೇಟೆ ಹಾಕಿದ ಜೈಕಾರ ಅಂತ ಹೊಗಳಿದರು.

1992ರ ಏಪ್ರಿಲ್ 23ರಂದು ಟೈಮ್ಸ್ ಆಫ್ ಇಂಡಿಯಾದಲ್ಲಿ ಸುಚೇತಾ ದಲಾಲ್ ಎಂಬ ಪತ್ರಕರ್ತೆ ಸ್ಟೇಟ್ ಬ್ಯಾಂಕಿನ ಲೆಕ್ಕದಲ್ಲಿ ಬಿದ್ದ ತೂತನ್ನು ಬರೆದರು. ಗೂಳಿ ಮುಗ್ಗರಿಸಿತು. ಡೆಪ್ಯುಟಿ ಗವರ್ನರ್ ಜಾನಕಿರಾಮನ್ ನೇತೃತ್ವದಲ್ಲಿ ರಿಸರ್ವ್ ಬ್ಯಾಂಕು ಸಮಿತಿ ಮಾಡಿತು. ಬ್ಯಾಂಕುಗಳ ಲೆಕ್ಕದಲ್ಲಿ ಸುಮಾರು 4,000 ಕೋಟಿ ರೂಪಾಯಿಯ ತೂತು ಇದೆ ಎಂದು ಆ ಸಮಿತಿ ಲೆಕ್ಕ ಹಾಕಿತು. ಪಾರ್ಲಿಮೆಂಟು ಜಂಟಿ ಸಮಿತಿ ಮಾಡಿತು, 1993ರ ಡಿಸೆಂಬರಿನಲ್ಲಿ ಅದರ ವರದಿಯೂ ಬಂತು. ಸೆಬಿ ಎಂಬ ಷೇರುಪೇಟೆಯ ಕಾವಲು ಸಂಸ್ಥೆ 1988ರಲ್ಲೇ ಹುಟ್ಟಿತ್ತು. ಕಾನೂನಿನ ಬಲ ಬಂದದ್ದು ಮಾತ್ರ 1992ರಲ್ಲಿ. ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದರು ಅಂತಾರಲ್ಲ, ಹಾಗೆ.

ಮರುವರ್ಷದ ಏಪ್ರಿಲ್ ಹೊತ್ತಿಗೆ ಸೂಚ್ಯಂಕ ತನ್ನ ತುದಿಯ ಅರ್ಧದ ಆಸುಪಾಸಿಗೆ ಬಂದಿತ್ತು. ಕೊನೆಗೆ ಬಂದು ಕೊಂಡವರು ಮುಳುಗಿದರು. ಯಾವಾಗಲೂ ಕೊನೆಗೆ ಬರೋದು ಸಣ್ಣವರೇ. ಸುದ್ದಿ ಅವರಿಗೆ ಕೊನೆಗೆ ತಲುಪುತ್ತೆ. ಕರಾಡದ ಬ್ಯಾಂಕೂ ಮೆಟ್ರೊಪಾಲಿಟನ್ ಬ್ಯಾಂಕೂ ಆ ವರ್ಷವೇ ಮುಚ್ಚುವ ಹಾದಿ ಹಿಡಿದವು. ಅಲ್ಲಿ ಹಣ ಇಟ್ಟಿದ್ದವರಿಗೆ ಬಿ.ಆರ್. ಅಂದರೆ ಏನಂತಲೇ ಗೊತ್ತಿರಲಿಲ್ಲ.

ಮೆಹ್ತಾನ ಮೇಲೆ ಎಪ್ಪತ್ತಕ್ಕೂ ಹೆಚ್ಚು ಕ್ರಿಮಿನಲ್ ಮೊಕದ್ದಮೆ ಹೂಡಿದರು. ವಿಶೇಷ ನ್ಯಾಯಾಲಯ ಮಾಡಿದರು. 1999ರಲ್ಲಿ ಮಾರುತಿ ಉದ್ಯೋಗ್ ಕಂಪನಿಯ ಹಣದ ಪ್ರಕರಣದಲ್ಲಿ 5 ವರ್ಷದ ಶಿಕ್ಷೆ ಆಯಿತು. 2001ರ ಡಿಸೆಂಬರ್ 31ರಂದು ಬಂಧನದಲ್ಲಿದ್ದಾಗಲೇ ಸತ್ತ, 47 ವರ್ಷಕ್ಕೆ. ಸತ್ತವನ ಮೇಲೆ ನನಗೆ ಹಗೆಯಿಲ್ಲ. ಬದುಕಿ ಮೀಸೆ ತಿರುವಿದವರ ಮೇಲಿದೆ. ದಲ್ಲಾಳಿ ಒಬ್ಬನೇ ಚೆಕ್ಕು ಬರೆಯಲಿಲ್ಲ. ಬರೆದವರು ಇದ್ದರು, ಜಮಾ ಮಾಡಿದವರು ಇದ್ದರು, ಆಡಿಟ್ ಮಾಡಿ 'ಸರಿಯಾಗಿದೆ' ಅಂತ ರುಜು ಹಾಕಿದವರು ಇದ್ದರು, ಮೇಲೆ ಕೂತು ಕಣ್ಣು ಮುಚ್ಚಿದವರು ಇದ್ದರು. ಬೇಲಿಯೇ ಎದ್ದು ಹೊಲ ಮೇಯ್ದ ಕತೆ ಇದು. ಎಲ್ಲವನ್ನೂ ಒಬ್ಬ ಗೂಳಿಯ ತಲೆಗೆ ಕಟ್ಟಿದರೆ ಬೇಲಿ ಪಾರು. ಅವನನ್ನು ಮಹಾ ಖಳನಾಯಕ ಮಾಡಿದರೂ ಬೇಲಿ ಪಾರು, ಮಹಾ ನಾಯಕ ಮಾಡಿದರೂ ಬೇಲಿ ಪಾರು. ಹೀರೋ ಅಂತ ಕುಣಿಯುವ ಗೆಳೆಯರು ಇದನ್ನು ಯೋಚಿಸಬೇಕು.

ಇನ್ನೊಂದು ಕಾನೂನಿದೆ. ಚೆಕ್ಕು, ಹುಂಡಿಗಳ 1881ರ ಕಾನೂನಿಗೆ 1988ರಲ್ಲಿ 138ನೇ ಸೆಕ್ಷನ್ ಸೇರಿಸಿದರು. ಖಾತೆಯಲ್ಲಿ ಹಣ ಇಲ್ಲದೆ ಚೆಕ್ಕು ಬೌನ್ಸ್ ಆದರೆ ಜೈಲು. ಮೊದಲು ಒಂದು ವರ್ಷದವರೆಗೆ ಇತ್ತು, 2002ರ ತಿದ್ದುಪಡಿಯಲ್ಲಿ ಎರಡು ವರ್ಷದವರೆಗೆ ಏರಿಸಿದರು. ಯಾವ ತಾಲ್ಲೂಕು ಕೋರ್ಟಿಗೆ ಬೇಕಾದರೂ ಹೋಗಿ ನೋಡಿ. ಟ್ರ್ಯಾಕ್ಟರ್ ಸಾಲ ಮಾಡಿದವನು, ಚೀಟಿ ಕಟ್ಟಿದವನು, ಕಿರಾಣಿ ಅಂಗಡಿಯವನು, ಖಾಲಿ ಚೆಕ್ಕಿಗೆ ರುಜು ಹಾಕಿಸಿಕೊಂಡ ಫೈನಾನ್ಸಿನವನ ಕೈಗೆ ಸಿಕ್ಕಿದವನು ಕಟಕಟೆಯಲ್ಲಿ ನಿಂತಿರ್ತಾರೆ. ಐವತ್ತು ಸಾವಿರಕ್ಕೆ ವಾರಂಟು.

2001ರಲ್ಲಿ ಏನಾಯ್ತು ನೋಡಿ. ಮೇಲೆ ಹೇಳಿದ ಅದೇ ಕೇತನ್ ಪಾರೇಖ್. ಈ ಸಲ ಗಿರವಿ ಚೀಟಿಗೆ 'ಪೇ ಆರ್ಡರ್' ಅಂತ ಹೊಸ ಹೆಸರು. ಪೇ ಆರ್ಡರ್ ಅಂದರೆ ಬ್ಯಾಂಕೇ ತನ್ನ ಮೇಲೆ ಬರೆದುಕೊಳ್ಳುವ ಚೆಕ್ಕು. ಹಣ ಮೊದಲು ಕಟ್ಟಿಸಿಕೊಂಡು ಆಮೇಲೆ ಬರೆದು ಕೊಡಬೇಕಾದ್ದು. ಅಹಮದಾಬಾದಿನ ಮಾಧವಪುರ ಮರ್ಕಂಟೈಲ್ ಕೋಆಪರೇಟಿವ್ ಬ್ಯಾಂಕಿನ ಮುಂಬೈ ಶಾಖೆ ಹಣ ಕಟ್ಟಿಸಿಕೊಳ್ಳದೆಯೇ ಇದನ್ನು ಬರೆದು ಕೊಟ್ಟಿತು. ಅದನ್ನು ಬ್ಯಾಂಕ್ ಆಫ್ ಇಂಡಿಯಾ ತಗೊಂಡು 137 ಕೋಟಿ ನಗದು ಕೊಟ್ಟಿತು. ಮಾರ್ಚಿನಲ್ಲಿ ಆ ಪೇ ಆರ್ಡರುಗಳು ಬೌನ್ಸ್ ಆದವು. ಪಾರೇಖ್ ಎತ್ತಿ ಕಟ್ಟಿದ್ದ ಹತ್ತು ಕಂಪನಿಗಳ ಷೇರುಗಳನ್ನು ಪೇಟೆಯವರು 'ಕೆ-10' ಅಂತ ಕರೀತಿದ್ದರು. ಅವು ನೆಲ ಕಚ್ಚಿದವು. ಅದೇ ವರ್ಷ ಜುಲೈನಲ್ಲಿ ಯೂನಿಟ್ ಟ್ರಸ್ಟ್ 'ಯುಎಸ್-64' ಯೋಜನೆಯ ಹಣ ವಾಪಸ್ ಕೊಡೋದನ್ನು ನಿಲ್ಲಿಸಿತು. ನಿವೃತ್ತ ಮೇಷ್ಟ್ರುಗಳು, ಗಂಡ ಸತ್ತ ಹೆಂಗಸರು ಸರ್ಕಾರವನ್ನು ನಂಬಿ ಇಟ್ಟಿದ್ದ ಹಣ ಅದು. ಅದರಲ್ಲೂ ಕೆ-10 ಷೇರುಗಳು ಸೇರಿಕೊಂಡಿದ್ದವು. ಮಾಧವಪುರ ಬ್ಯಾಂಕು ಏದುಸಿರು ಬಿಡುತ್ತಾ ಇದ್ದು, 2012ರಲ್ಲಿ ಅದರ ಲೈಸೆನ್ಸೇ ರದ್ದಾಯಿತು.

ಒಂಬತ್ತು ವರ್ಷದಲ್ಲಿ ಅದೇ ಗುಂಡಿಗೆ ಎರಡು ಸಲ ಬಿದ್ದದ್ದು ಯಾಕೆ? ಬ್ಯಾಂಕಿನವರು ದಡ್ಡರೇ? ಅಲ್ಲ. ಕೌಂಟರಿನಲ್ಲಿ ಹೆಬ್ಬೆಟ್ಟಿನ ಗೆರೆ ಗೆರೆ ನೋಡುವ ಕಣ್ಣು ದಡ್ಡರ ಕಣ್ಣಲ್ಲ. ಆ ಕಣ್ಣಿಗೆ ಯಾರನ್ನು ಅನುಮಾನಿಸಬೇಕು, ಯಾರನ್ನು ನಂಬಬೇಕು ಎಂಬ ಪಾಠ ಮೊದಲೇ ಆಗಿದೆ. ಸೂಟು, ಕಾರು, ಮಂತ್ರಿಗಳ ಪರಿಚಯ, ಒಳ್ಳೆ ಮನೆತನ ನೋಡಿದರೆ ರಸೀದಿಯ ಹಿಂದೆ ಸಾಲಪತ್ರ ಇದೆಯೋ ಇಲ್ಲವೋ ಅಂತ ಕೇಳಲು ನಾಚಿಕೆ. ಮಾಸಿದ ಪಂಚೆ ಕಂಡರೆ ನಾಚಿಕೆಯೇ ಇಲ್ಲ. ಹಣದ ಪೇಟೆಯಲ್ಲಿ ಎಲ್ಲಕ್ಕಿಂತ ದೊಡ್ಡ ಬಂಡವಾಳ ನಂಬಿಕೆ. ನಮ್ಮ ದೇಶದಲ್ಲಿ ಭೂಮಿಯನ್ನು ಹೇಗೆ ಹಂಚಿದ್ದಾರೋ ನಂಬಿಕೆಯನ್ನೂ ಹಾಗೇ ಹಂಚಿದ್ದಾರೆ.

ಇದು ಬರೀ ಆವೇಶದ ಮಾತು ಅನ್ನಿಸಿದರೆ ಬಾಬಾಸಾಹೇಬರ ಬದುಕಿನ ಒಂದು ಸಂಗತಿ ಹೇಳ್ತೀನಿ. ಅವರು ಕೊಲಂಬಿಯಾದಲ್ಲಿ, ಲಂಡನ್ನಿನಲ್ಲಿ ಅರ್ಥಶಾಸ್ತ್ರ ಓದಿ 1917ರಲ್ಲಿ ಮರಳಿದರು. ಬರೋಡೆಯಲ್ಲಿ ಅವಮಾನ ಉಂಡು ಬೊಂಬಾಯಿಗೆ ಬಂದ ದಿನಗಳಲ್ಲಿ ಹೊಟ್ಟೆಪಾಡಿಗೆ ಒಂದು ಕಚೇರಿ ತೆರೆದರು. ಷೇರು ವ್ಯವಹಾರ ಮಾಡುವವರಿಗೆ ಸಲಹೆ ಕೊಡುವ ಕಚೇರಿ. ಗಿರಾಕಿಗಳು ಬರುತ್ತಿದ್ದರು. ಸಲಹೆ ಕೊಡುವವರು ಅಸ್ಪೃಶ್ಯರು ಎಂದು ತಿಳಿಯಿತು. ಗಿರಾಕಿಗಳು ನಿಂತರು, ಕಚೇರಿ ಮುಚ್ಚಿತು. ಮುಂದೆ 1923ರಲ್ಲಿ ರೂಪಾಯಿಯ ಸಮಸ್ಯೆಯ ಮೇಲೆ ಇಂಗ್ಲಿಷಿನಲ್ಲಿ ದೊಡ್ಡ ಗ್ರಂಥ ಪ್ರಕಟಿಸಿದ ಮನುಷ್ಯ ಅವರು. ಷೇರಿನ ಬಗ್ಗೆ ಅವರಷ್ಟು ಬಲ್ಲವರು ಆ ಬೀದಿಯಲ್ಲಿ ಎಷ್ಟು ಜನ ಇದ್ದರು? ಅವರ ಬಳಿ ಪದವಿ ಇತ್ತು, ವಿದ್ಯೆ ಇತ್ತು, ಪ್ರಾಮಾಣಿಕತೆ ಇತ್ತು. ಅವರಿಗೆ ಪೇಟೆ ಕೊಡದ ನಂಬಿಕೆಯನ್ನು ಎಪ್ಪತ್ತೈದು ವರ್ಷಗಳ ಮೇಲೆ ಅದೇ ಊರಿನ ಪೇಟೆ ಖಾಲಿ ರಸೀದಿಗಳಿಗೆ ಕೊಟ್ಟಿತು. ಪೇಟೆಗೆ ಜಾತಿಯಿಲ್ಲ, ದುಡ್ಡಿಗೆ ಮೈಲಿಗೆಯಿಲ್ಲ ಅಂತ ಭಾಷಣ ಬಿಗಿಯುವ ಪಂಡಿತರು ಇದಕ್ಕೆ ಉತ್ತರ ಹೇಳಲಿ.

'ಅದೆಲ್ಲ ಹಳೇ ಕಾಲ. ಈಗ ಎಲ್ಲ ಕಂಪ್ಯೂಟರು. ಷೇರೂ ಕಾಗದದ್ದಲ್ಲ' ಅಂತೀರಾ? ನಿಜ, ಕೈಬರಹದ ಪುಸ್ತಕ ಹೋಗಿದೆ. ಹಂಚಿಕೆ ಹೋಗಿದೆಯೇ? 2019-20ರಿಂದ 2023-24ರವರೆಗಿನ ಐದು ವರ್ಷಗಳಲ್ಲಿ ಸರ್ಕಾರಿ ಬ್ಯಾಂಕುಗಳು ಖಾತೆಯಲ್ಲಿ ಕನಿಷ್ಠ ಹಣ ಇಡದವರಿಂದ ವಸೂಲು ಮಾಡಿದ ದಂಡ ಸುಮಾರು 8,500 ಕೋಟಿ ರೂಪಾಯಿ. ಸರ್ಕಾರವೇ ಲೋಕಸಭೆಗೆ ಕೊಟ್ಟ ಲೆಕ್ಕ ಇದು. ಹಣ ಇಲ್ಲದ್ದಕ್ಕೆ ದಂಡ! ಕೆನರಾ ಬ್ಯಾಂಕು 2025ರ ಜೂನ್‌ನಲ್ಲಿ ಈ ದಂಡ ಕೈಬಿಟ್ಟಿತು, ಒಳ್ಳೆಯದಾಯಿತು. ಆದರೆ ತೆಗೆದುಕೊಂಡದ್ದನ್ನು ವಾಪಸ್ ಕೊಟ್ಟವರು ಯಾರು?

ಇನ್ನು ಫೋನಿನಲ್ಲಿ ಆಪ್ಷನ್ ಆಡುವ ಗೆಳೆಯರಿಗೆ ಒಂದು ಮಾತು. ಮೆಸ್ ಬಿಲ್ಲಿನ ದುಡ್ಡಲ್ಲಿ, ಸ್ಕಾಲರ್‌ಶಿಪ್ಪಿನ ದುಡ್ಡಲ್ಲಿ 'ನಾನೂ ಒಂದು ದಿನ ಗೂಳಿ ಆಗ್ತೀನಿ' ಅಂತ ಹೊರಟಿದ್ದೀರಿ. ಸೆಬಿ 2024ರ ಸೆಪ್ಟೆಂಬರಿನಲ್ಲಿ ಪ್ರಕಟಿಸಿದ ಲೆಕ್ಕ ಓದಿ. 2024ರ ಮಾರ್ಚಿಗೆ ಮುಗಿದ ಮೂರು ವರ್ಷಗಳಲ್ಲಿ ಈ ಫ್ಯೂಚರ್ಸ್, ಆಪ್ಷನ್ಸ್ ಆಟಕ್ಕೆ ಇಳಿದ ಸಾಮಾನ್ಯ ಜನ ಒಂದು ಕೋಟಿಗೂ ಮೇಲೆ. ಅವರಲ್ಲಿ ನೂರಕ್ಕೆ 93 ಜನ ಕಳೆದುಕೊಂಡರು. ಒಟ್ಟು 1.8 ಲಕ್ಷ ಕೋಟಿಗೂ ಹೆಚ್ಚು. ಗೆದ್ದವರು ಯಾರು? ಬಹುಪಾಲು ಕಂಪ್ಯೂಟರಿಗೆ ಲೆಕ್ಕ ಕಲಿಸಿ ಕೂತ ದೊಡ್ಡ ಕಂಪನಿಗಳು, ವಿದೇಶಿ ಹೂಡಿಕೆದಾರರು.

2025ರ ಜುಲೈ 3ರಂದು ಇದೇ ಸೆಬಿ ಜೇನ್ ಸ್ಟ್ರೀಟ್ ಎಂಬ ಅಮೆರಿಕದ ಕಂಪನಿಯ 4,843 ಕೋಟಿ ರೂಪಾಯಿ ತಡೆಹಿಡಿಯಲು ಮಧ್ಯಂತರ ಆದೇಶ ಮಾಡಿತು. ಆರೋಪ ಏನು? ಬೆಳಿಗ್ಗೆ ಬ್ಯಾಂಕುಗಳ ಷೇರು ರಾಶಿ ರಾಶಿ ಕೊಂಡು 'ಬ್ಯಾಂಕ್ ನಿಫ್ಟಿ' ಎಂಬ ಸೂಚ್ಯಂಕ ಏರಿಸುವುದು, ಅದು ಇಳಿಯುತ್ತೆ ಅಂತ ಆಪ್ಷನ್ನಿನಲ್ಲಿ ಅದಕ್ಕಿಂತ ಎಷ್ಟೋ ಪಟ್ಟು ದೊಡ್ಡ ಬಾಜಿ ಕಟ್ಟುವುದು, ಮಧ್ಯಾಹ್ನ ಷೇರು ಮಾರಿ ಬೀಳಿಸುವುದು. ಕಂಪನಿ ಇದನ್ನು ಒಪ್ಪದೆ ಮೇಲ್ಮನವಿ ಹೋಯಿತು. ತೀರ್ಪು ನ್ಯಾಯಾಲಯದ್ದು. ನಾವು ನೋಡಬೇಕಾದ್ದು ಆ ಬಾಜಿಯ ಇನ್ನೊಂದು ತುದಿಯಲ್ಲಿ ಯಾರು ಕೂತಿದ್ದರು ಅನ್ನೋದನ್ನು. ಅದೇ 93 ಜನ. ಹಾಸ್ಟೆಲ್ ಮಂಚದ ಮೇಲೆ ಕೂತು 'ಏರುತ್ತೆ ಏರುತ್ತೆ' ಅಂತ ಗುಂಡಿ ಒತ್ತಿದ ನೀವು. ಗೂಳಿ ಆಗೋಕೆ ಹೋದವರನ್ನು ಅಲ್ಲಿ ಹುಲ್ಲು ಮಾಡ್ತಾರೆ.

ಕೊನೆಗೆ, ನಮ್ಮ ಮನೆಯ ಬಾಗಿಲಿಗೇ ಬಂದ ಸಂಗತಿ. ಕರ್ನಾಟಕ ಮಹರ್ಷಿ ವಾಲ್ಮೀಕಿ ಪರಿಶಿಷ್ಟ ಪಂಗಡಗಳ ಅಭಿವೃದ್ಧಿ ನಿಗಮ. ಆ ಜನರ ಬೋರ್‌ವೆಲ್ಲಿಗೆ, ಸ್ವಂತ ಉದ್ಯೋಗಕ್ಕೆ, ತುಂಡು ಜಮೀನಿಗೆ ಇರುವ ಹಣದ ಮನೆ. 2024ರ ಮೇ ತಿಂಗಳಲ್ಲಿ ನಿಗಮದ ನೌಕರರೊಬ್ಬರು ಪತ್ರ ಬರೆದಿಟ್ಟು ಪ್ರಾಣ ಬಿಟ್ಟ ಮೇಲೆ ಲೋಕಕ್ಕೆ ಗೊತ್ತಾಯಿತು. ನಿಗಮದ 187 ಕೋಟಿ ರೂಪಾಯಿ ಬೆಂಗಳೂರಿನ ಎಂ.ಜಿ. ರಸ್ತೆಯ ಒಂದು ಬ್ಯಾಂಕ್ ಶಾಖೆಯ ಖಾತೆಗೆ ಸೇರಿತ್ತು. ಅದರಲ್ಲಿ ಸುಮಾರು 90 ಕೋಟಿ ಸಂಬಂಧವೇ ಇಲ್ಲದ ಖಾತೆಗಳಿಗೆ ಹರಿದು ಹೋಗಿತ್ತು. ರುಜುಗಳೇ ನಕಲಿ ಎಂದು ನಿಗಮ ದೂರು ಕೊಟ್ಟಿತು. ಜೂನ್‌ನಲ್ಲಿ ಮಂತ್ರಿ ರಾಜೀನಾಮೆ ಕೊಟ್ಟರು, ಜುಲೈನಲ್ಲಿ ಬಂಧನವಾಯಿತು. ತಪ್ಪು ಯಾರದು ಎಂದು ಹೇಳುವುದು ಕೋರ್ಟಿನ ಕೆಲಸ. ನನ್ನ ಪ್ರಶ್ನೆ ಇಷ್ಟೇ: ನಮ್ಮ ಹುಡುಗಿಯೊಬ್ಬಳು ಹತ್ತು ಸಾವಿರದ ಸ್ಕಾಲರ್‌ಶಿಪ್ಪಿಗೆ ಹೋದಾಗ ಹೆಸರಿನ ಒಂದಕ್ಷರ ಹಿಡಿದು ಜಗ್ಗುವ ಕಣ್ಣು ಕೋಟಿ ಕೋಟಿ ಹೋಗುವಾಗ ಎಲ್ಲಿ ನೋಡ್ತಾ ಇತ್ತು?

ಗೆಳೆಯರೇ, ಆ ಕಣ್ಣು ನಾವು ಆಗಬೇಕು.

ಹೀರೋಗಳ ಪಟ ಗೋಡೆಯಿಂದ ಇಳಿಸಿ. ಪಾಸ್‌ಬುಕ್ಕು ಓದೋದು ಕಲಿಯಿರಿ. ಬ್ಯಾಲೆನ್ಸ್ ಶೀಟು ಓದೋದು ಕಲಿಯಿರಿ. ಅರ್ಥಶಾಸ್ತ್ರ, ವಾಣಿಜ್ಯ ಓದುವವರು ಆರ್ಟ್ಸ್ ಓದುವವರಿಗೆ ಹೇಳಿಕೊಡಿ. ವಾರಕ್ಕೊಂದು ಸಂಜೆ ಮೆಸ್ಸಿನಲ್ಲೇ ಕೂತರೂ ಸಾಕು. ನಿಮ್ಮ ಹಾಸ್ಟೆಲ್ಲಿನ ಖಾತೆ ಯಾವ ಬ್ಯಾಂಕಿನಲ್ಲಿದೆ, ಯಾರ ಯಾರ ರುಜುವಿಗೆ ಹಣ ಬಿಡ್ತಾರೆ, ಪಡಿತರದ ಬಿಲ್ಲು ಯಾವ ಅಂಗಡಿಗೆ ಹೋಗುತ್ತೆ ಅಂತ ಕೇಳಿ. ನಿಮ್ಮ ಜಿಲ್ಲೆಗೆ ನಿಗಮಗಳ ಹಣ ಎಷ್ಟು ಬಂತು, ಯಾರಿಗೆ ಸೇರಿತು ಅಂತ ಕೇಳಿ. 2005ರ ಮಾಹಿತಿ ಹಕ್ಕು ಕಾಯ್ದೆಯಲ್ಲಿ ಅರ್ಜಿಗೆ 10 ರೂಪಾಯಿ ಶುಲ್ಕ. ಎರಡು ಟೀ ಬಿಟ್ಟರೆ ಒಂದು ಅರ್ಜಿ. ಒಬ್ಬನೇ ಕೇಳಿದರೆ ಗದರಿಸ್ತಾರೆ, ನಲವತ್ತು ಜನ ರುಜು ಹಾಕಿ ಕೇಳಿ.

ಲೆಕ್ಕ ಕೇಳುವವನನ್ನು ಈ ದೇಶ ಇನ್ನೂ ನಂಬೋದಿಲ್ಲ. ಬೇಡ, ನಂಬದೇ ಇರಲಿ. ಹೆದರಿದರೆ ಸಾಕು.